ಒಬ್ಬ ಹೆಂಗಸು, ಎರಡು ವೃತ್ತ

ಕಳೆದ ತಿಂಗಳು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಆಗಷ್ಟೇ ಮಳೆ ನಿಂತಿತ್ತು. ಎದುರಿನ ಔಷಧಿ ಅಂಗಡಿಯವನು ಕೈಜಾರಿ ಸ್ಪಿರಿಟ್ ಬಾಟಲಿ ಕೆಡವಿಕೊಂಡ. ಒದ್ದೆ ಮಣ್ಣಿನ ವಾಸನೆಯ ಜತೆ ಸ್ಪಿರಿಟ್ ಸೇರಿ ಮೂಗಿಗೆ ಬಡಿಯಿತು ನೋಡಿ, ನನ್ನ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಬಸುರಿ, ಬಾಣಂತನದ ಮಾತೆಲ್ಲ ನನ್ನ ಪಾಲಿಗೆ ಎಂದೋ ಮುಗಿದಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ, "ಯಾಕ್ರೀ, ಹೊಟ್ಟಿ ನೋಯಾಕತ್ತದೇನು?" ಎಂದಳು. "ಇಲ್ರಿ, ಹಳೇ ಅಂಜಿಕಿ" ಎಂದೆ. ಅವಳಿಗೆ ಏನು ತಿಳಿಯಿತೋ, ಚೀಲದಿಂದ ಒಂದು ಪೆಪ್ಪರಮೆಂಟು ತೆಗೆದು ಕೊಟ್ಟಳು.

ಆ ಅಂಜಿಕೆ ಒಂದೇ ಒಂದು ಮಳೆಗಾಲದ್ದು. ನಾನು ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ಬಸವಕಲ್ಯಾಣದ ಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಕಾಲ. ಮೈಸೂರಿನಿಂದ ವತ್ಸಲಾ ಮೇಡಂ ಎಂಬುವವರು ಬಂದಿದ್ದಾರೆ, ಹುಟ್ಟುಕಿವುಡು ಇರುವ ಮನೆತನಗಳ ಮೇಲೆ ಸಂಶೋಧನೆ ಮಾಡುತ್ತಾರೆ, ಊರಿನ ಮಾತು ಗೊತ್ತಿರುವ ಹುಡುಗಿ ಬೇಕಂತೆ ಎಂಬ ಸುದ್ದಿ ಬಂತು. ಜೋಳದಿಂದ ತಪ್ಪಿಸಿಕೊಳ್ಳಲು ಓಡಿಹೋಗಿ ಸೇರಿಕೊಂಡೆ.

ಮೇಡಂ ನಿವೃತ್ತಿಗೆ ಹತ್ತಿರದಲ್ಲಿದ್ದರು. ಗಿಡ್ಡ ಆಳು, ಕಾಟನ್ ಸೀರೆ, ಕಾಲಿಗೆ ಗಂಡಸರ ಬೂಟು. ಅವರು ಓದುವಾಗ ತಳಿಶಾಸ್ತ್ರವೆಂದರೆ ಹಣ್ಣಿನ ನೊಣ, ಬಟಾಣಿ ಗಿಡ ಅಷ್ಟೇ. ಮನುಷ್ಯರ ಮೇಲೆ ಕೆಲಸ ಮಾಡುತ್ತೇನೆ ಎಂದಾಗ ಅವರ ಗುರುಗಳು, "ನೊಣ ಎದುರು ಮಾತಾಡಲ್ಲಮ್ಮ, ಮನುಷ್ಯ ಆಡ್ತಾನೆ" ಎಂದು ಎಚ್ಚರಿಸಿದರಂತೆ. "ಅದಕ್ಕೇ ಸಾರ್" ಎಂದರಂತೆ ಇವರು. ಮೈಸೂರಿನಲ್ಲಿ ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ಇಡುತ್ತಿದ್ದ ಕೋಣೆಯನ್ನು ತೊಳೆಸಿ ತಮ್ಮ ಪ್ರಯೋಗಾಲಯ ಮಾಡಿಕೊಂಡಿದ್ದರು. ವರ್ಣತಂತುಗಳ ಫೋಟೋ ತೆಗೆದು, ಕತ್ತರಿಯಿಂದ ಒಂದೊಂದನ್ನೇ ಕತ್ತರಿಸಿ ಕಾಗದಕ್ಕೆ ಅಂಟಿಸಿ ಜೋಡಿ ನೋಡುತ್ತಿದ್ದ ದಿನಗಳವು. ಬಳಿಕ ಊರೂರು ತಿರುಗತೊಡಗಿದರು. ಸೋದರಮಾವನನ್ನು ಮದುವೆಯಾದರೆ ಹುಟ್ಟುವ ಮಕ್ಕಳೆಲ್ಲ ಹಾಳು ಎಂದು ಪರದೇಶದ ಪುಸ್ತಕಗಳು, ಏನೂ ಆಗುವುದಿಲ್ಲ ಎಂದು ನಮ್ಮ ಹಿರಿಯರು. ಇಬ್ಬರೂ ಮನೆಮನೆಗೆ ಹೋಗಿ ನೋಡಿದವರಲ್ಲ. ಮೇಡಂ ನೋಡಿದರು. ಕೆಲವು ಊರುಗಳಲ್ಲಿ ಕುಟುಂಬ ಯೋಜನೆಯವರು ಬಂದರೆಂದು ಗಂಡಸರು ಇವರನ್ನು ಅಟ್ಟಿಸಿಕೊಂಡು ಬಂದದ್ದೂ ಇದೆ. "ಆ ಓಟದಿಂದಲೇ ಬೂಟು ಹಾಕೋದು ಕಲಿತೆ" ಎನ್ನುತ್ತಿದ್ದರು. ಯಾರನ್ನೂ ಹೆದರಿಸಬಾರದು, ಯಾರಿಗೂ ಸುಳ್ಳು ಹೇಳಬಾರದು, ಇವೆರಡೇ ಅವರ ಕಟ್ಟಳೆ.

ಮೊದಲನೆಯದನ್ನು ನನ್ನ ಮಟ್ಟಿಗೆ ಪಾಲಿಸಲು ಅವರಿಂದ ಆಗಲಿಲ್ಲ. ಅದು ಅವರ ತಪ್ಪೂ ಅಲ್ಲ. ನಾನು ಮದುವೆಯಾದದ್ದು ನನ್ನ ತಾಯಿಯ ಖಾಸಾ ತಮ್ಮನನ್ನು, ಶಿವು ಮಾಮಾನನ್ನು. ಕೆಲಸಕ್ಕೆ ಸೇರಿದ ಕೆಲವೇ ದಿನಕ್ಕೆ ಬಸುರಿ ಎಂದು ತಿಳಿಯಿತು. ಹಗಲೆಲ್ಲ ಮೇಡಂ ಹೇಳಿದಂತೆ ವಂಶವೃಕ್ಷ ಬರೆಯುವುದು ನನ್ನ ಕೆಲಸ: ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸಂಬಂಧದೊಳಗೆ ಮದುವೆಯಾದವರ ನಡುವೆ ಜೋಡಿಗೆರೆ, ಕಿವುಡಿದ್ದವರಿಗೆ ಕಪ್ಪು. ಜೋಡಿಗೆರೆ ಎಳೆಯುವಾಗಲೆಲ್ಲ ಕೆಳಗೆ ಎಲ್ಲಿ ಕಪ್ಪು ಬರುತ್ತದೋ ಎಂದು ಜೀವ ಬಾಯಿಗೆ ಬರುತ್ತಿತ್ತು. ನಾನು ಮೊದಲೇ ಪುಕ್ಕಲು ಪ್ರಾಣಿ. ಮಿಂಚು ಬಂದರೆ ಗುಡುಗು ಬರುವವರೆಗೂ ಉಸಿರು ಹಿಡಿಯುವವಳು.

ಒಂದು ಸಂಜೆ ಮಾಮಾ ಮೋಟಾರ್ ಸೈಕಲ್ ತಂದು, ಊರಲ್ಲಿ ಮೇಡಂ ಇಳಿದುಕೊಂಡಿದ್ದ ಮನೆಯ ಬಾಗಿಲಲ್ಲಿ ನಿಂತ. ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಮೋಟಾರ್ ವೈಂಡಿಂಗ್ ಅಂಗಡಿ. "ಮಾಮಾ, ಬಂದೆ" ಎಂದು ನಾನು ಕೂಗಿದ್ದು ಮೇಡಂ ಕಿವಿಗೆ ಬಿತ್ತು.

"ನಿನ್ನ ಯಜಮಾನರಲ್ವಾ?"

"ಹೌದ್ರಿ."

"ಮಾಮಾ ಅಂದ್ರೆ, ತಾಯಿ ತಮ್ಮ?"

"ಹೌದ್ರಿ."

ಅವರು ನನ್ನ ಮುಖವನ್ನೂ ಆಮೇಲೆ ಹೊಟ್ಟೆಯನ್ನೂ ನೋಡಿದರು. "ನಿಮ್ಮ ಮನೆತನದಲ್ಲಿ ಕಿವುಡು ಯಾರಿಗಾದ್ರೂ?" ಯಾರಿಗೂ ಇಲ್ಲ ಎಂದೆ. "ಹಾಗಾದ್ರೆ ನೆಮ್ಮದಿಯಾಗಿ ಊಟ ಮಾಡು. ಇಂಥ ಮದುವೆಗಳಲ್ಲಿ ಹೆಚ್ಚಿನ ಮಕ್ಕಳು ಚೆನ್ನಾಗೇ ಹುಟ್ಟುತ್ತಾರೆ. ನಾನು ನೋಡಿದ್ದೀನಿ." ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಮದುವೆಯಾದ ಹುಡುಗಿಗೆ ಗಂಡನ ಮನೆಯಲ್ಲಿ ಹೊಸ ಹೆಸರು ಇಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡನು ಉಂಗುರದಿಂದ ಆ ಹೆಸರು ಬರೆಯುತ್ತಾನೆ. ನಾನು ಹುಟ್ಟಿದ್ದು ಮಹಾದೇವಿಯಾಗಿ, ಮದುವೆಯ ಅಕ್ಕಿಯಲ್ಲಿ ಸವಿತಾ ಆದೆ. ಮಜಾ ಎಂದರೆ ನನ್ನ ಅತ್ತೆ ಎಂದರೆ ನನ್ನ ಆಯಿಯೇ, ತಾಯಿಯ ತಾಯಿ. ತೊಟ್ಟಿಲಿನಿಂದ ನನ್ನನ್ನು ಮಾದೇವಿ ಎಂದು ಕರೆದವಳು, ಅತ್ತೆಯಾದ ಮೇಲೆ ಸವಿತಾ ಎನ್ನಲು ನಾಲಿಗೆ ಹೊರಳದೆ, ಎರಡನ್ನೂ ಬಿಟ್ಟು "ಏ ಹುಡುಗಿ" ಎಂದು ಶುರು ಮಾಡಿದಳು. ನಮಗೆ ಇದೆಲ್ಲ ಎಷ್ಟು ರೂಢಿಯೆಂದರೆ, ಯಾರಾದರೂ ಕೇಳಿದ ಹೊರತು ಹೇಳಬೇಕೆಂದು ತೋಚುವುದಿಲ್ಲ. ಮೈಸೂರು ಕಡೆ ಹಾಗಿಲ್ಲ, ಮೇಡಂ ಕೇಳಲಿಲ್ಲ. ಹತ್ತಿರದ ಹಳ್ಳಿ ಮೋರಖಂಡಿಯ ಮನೆಗಳಲ್ಲಿ, ಕಲ್ಯಾಣದ ಓಣಿಗಳಲ್ಲಿ ಅತ್ತೆಯಂದಿರು ಸೊಸೆಯರ ಹೆಸರು ಹೇಳಿದರು, ತವರಿನವರು ಮಗಳ ಹೆಸರು ಹೇಳಿದರು, ನಾನು ಹೇಳಿದ್ದಕ್ಕೆಲ್ಲ ಒಂದೊಂದು ವೃತ್ತ ಬರೆದೆ.

ಶ್ರಾವಣದಲ್ಲಿ ಹುಮನಾಬಾದಿನ ಒಂದು ಮನೆಗೆ ಹೋದೆವು. ಐಸ್ ಕ್ಯಾಂಡಿ ಕಾರ್ಖಾನೆಯಿಂದ ತಂದ ಮಂಜುಗಡ್ಡೆ ತುಂಬಿದ ಡಬ್ಬಿ ನನ್ನ ತೊಡೆಯ ಮೇಲೆ, ರಕ್ತ ತೆಗೆಯುವ ಸಾಮಾನು ಮೇಡಂ ತೊಡೆಯ ಮೇಲೆ. ಹೊರಗೆ ಜಿಟಿಜಿಟಿ ಮಳೆ, ಬಸ್ಸಿನಲ್ಲಿ ಎಲ್ಲ ಕಿಟಕಿ ಮುಚ್ಚಿ ಸ್ಪಿರಿಟ್ ವಾಸನೆಗೆ ನನಗೆ ಓಕರಿಕೆ.

ಮನೆಯ ಹಿರಿಯ ಬಂಡೆಪ್ಪ ಕಾಕಾ. ಅವನ ಮೊಮ್ಮಕ್ಕಳಲ್ಲಿ ದೊಡ್ಡವಳು ರೇಣುಕಾ, ಮನೆಯಲ್ಲೇ ಜಂಪರ್ ಹೊಲಿಯುವ ಹುಡುಗಿ, ಹುಟ್ಟುಕಿವುಡಿ. ಅವಳ ಇಬ್ಬರು ತಮ್ಮಂದಿರೂ ಹಾಗೆಯೇ. ಮನೆಯವರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಬಂಡೆಪ್ಪ ಕಾಕಾ ಒಂದು ಕೈಯಲ್ಲಿ ಮೊಮ್ಮಗಳನ್ನು ಚಹಾ ಮಾಡಲು ಕಳಿಸಿ, ಬಾಯಲ್ಲಿ ನಮಗೆ ಹಿರಿಯರ ಹೆಸರು ಹೇಳುತ್ತಿದ್ದ. ಅವರ ಮನೆತನ ಮೊದಲು ಗೋರ್ಟಾ ಕಡೆಯ ಹಳ್ಳಿಯಲ್ಲಿತ್ತು. ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟು ಹುಮನಾಬಾದಿಗೆ ಬಂದವರು.

"ನಮ್ಮಪ್ಪಗ ಒಬ್ಬಾಕಿ ತಂಗಿ ಇದ್ದಳ್ರಿ, ತಾರಾಬಾಯಿ ಅಂತ" ಎಂದ ಕಾಕಾ. "ನಂಗ ಅತ್ತಿ ಆಗಬೇಕು. ಕಲ್ಯಾಣಕ್ಕ ಕೊಟ್ಟಿದ್ರು, ಕೋಟಿ ಮಗ್ಗಲ ಗಾಣದ ಮನಿಗಿ. ಗಲಾಟ್ಯಾಗ ಅವ್ರು ಸೊಲ್ಲಾಪುರ ಕಡಿ ಓಡಿ ಹೋದ್ರು. ಅಕಿದು ಒಂದು ಹೆಣ್ಣು ಕೂಸು ತೊಟ್ಟಿಲದಾಗಿತ್ತು. ಮುಂದ ಖಬರೇ ಇಲ್ಲ. ನಮ್ಮಪ್ಪ ಹುಡುಕಿ ಹುಡುಕಿ ಸುಸ್ತಾದ."

ನನ್ನ ಪೆನ್ನು ನಿಂತಿತು. ಕೋಟೆಯ ಮಗ್ಗುಲ ಗಾಣದ ಮನೆ ಆಯಿಯ ಅಪ್ಪನ ಮನೆ. ಸೊಲ್ಲಾಪುರಕ್ಕೆ ಓಡಿಹೋಗಿದ್ದವರು, ಅಲ್ಲೇ ಹೆಂಡತಿಯನ್ನು ಕಳೆದುಕೊಂಡು ಎಷ್ಟೋ ವರ್ಷದ ಮೇಲೆ ಕಲ್ಯಾಣಕ್ಕೆ ಮರಳಿದವರು ಅವರೇ. ಆದರೆ ನಮ್ಮ ಮನೆಯ ಮುತ್ತಜ್ಜಿಯ ಹೆಸರು ಗಂಗವ್ವ. ತಾರಾಬಾಯಿ ಅಲ್ಲ, ಗಂಗವ್ವ, ಎಂದು ಮನಸ್ಸಿನಲ್ಲೇ ಜಪ ಮಾಡುತ್ತ ಬಸ್ಸು ಹತ್ತಿದೆ. ಅಕ್ಕಿಯ ತಟ್ಟೆ ಕಣ್ಣ ಮುಂದೆ ಬಂದದ್ದು ದಾರಿಯಲ್ಲಿ. ಗಂಗವ್ವ ಎಂಬುದೂ ಅಕ್ಕಿಯಲ್ಲಿ ಬರೆದ ಹೆಸರಾಗಿದ್ದರೆ?

ಮನೆಗೆ ಬಂದವಳೇ ಚಪ್ಪಲಿ ಸಮೇತ ಒಳಗೆ ನುಗ್ಗಿದೆ. ಆಯಿ ಒಲೆಯ ಮುಂದೆ ಕೂತಿದ್ದಳು.

"ಆಯಿ, ನಿಮ್ಮವ್ವನ ತವರಮನಿ ಹೆಸರು ಏನಿತ್ತು?"

"ಈಗ್ಯಾಕ ಅದು?"

"ಹೇಳು."

"ಹಿರೇರ ಎಡಿ ಇಡೂಮುಂದ ನಮ್ಮಪ್ಪ ಎರಡೂ ಹೆಸರು ಹೇಳ್ತಿದ್ದ, ಗಂಗವ್ವ ಉರ್ಫ್ ತಾರಾಬಾಯಿ ಅಂತ. ಯಾಕ?"

ಇದ್ದದ್ದನ್ನೇ ಹೇಳಿಬಿಟ್ಟೆ: ಹುಮನಾಬಾದಿನಲ್ಲಿ ನಿನ್ನ ಸೋದರಮಾವನ ಮಗ ಇದ್ದಾನೆ, ಬಂಡೆಪ್ಪ ಅಂತ. ಆಯಿ ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಎದ್ದು ನಿಂತಳು. ಗಲ್ಲದ ಮೇಲೆ ನೀರು ಇಳಿಯತೊಡಗಿತು. "ನಂಗೂ ಅಜ್ಜನ ಮನಿ ಐತೇನು? ಎಲ್ಲಾರೂ ಸೂಟಿಗಿ ಅಜ್ಜನ ಮನಿಗಿ ಹೋಗ್ತಿದ್ರ ನಾ ಹೊಸ್ತಿಲ ಮ್ಯಾಲ ಕುಂತು ನೋಡ್ತಿದ್ನಲ್ಲ ಹುಡುಗಿ, ನಂಗೂ ಐತೇನು?" ಎಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. ನಾನೂ ಅತ್ತುಬಿಟ್ಟೆ. ಅವಳದು ಸಂತೋಷದ ಅಳು, ನನ್ನದು ಬೇರೆ. ಆ ಮನೆಯಲ್ಲಿ ಮೂವರು ಮಕ್ಕಳಿಗೆ ಕಿವಿ ಕೇಳುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಮರುದಿನ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಅವರು ದೊಡ್ಡ ಹಾಳೆಗಳನ್ನು ನೆಲದ ಮೇಲೆ ಹರವಿ, ಮಂಡಿಯೂರಿ ಕೂತರು. ಒಂದು ಹಾಳೆಯಲ್ಲಿ ತಾರಾಬಾಯಿಯ ವೃತ್ತ, ಅದರ ಕೆಳಗೆ ತೊಟ್ಟಿಲ ಕೂಸಿನದೊಂದು ಹೆಸರಿಲ್ಲದ ವೃತ್ತ, ಮುಂದೆ ಏನಿಲ್ಲ. ಇನ್ನೊಂದು ಹಾಳೆ ನಮ್ಮ ಮನೆಯದು, ಕುತೂಹಲಕ್ಕೆ ನಾನೇ ಬರೆದದ್ದು. ಅದರ ತುದಿಯಲ್ಲಿ ಗಂಗವ್ವನ ವೃತ್ತ, ಅದರ ಮೇಲೆ ಏನಿಲ್ಲ. ಮೇಡಂ ಎರಡನ್ನೂ ಒಂದರ ಮೇಲೊಂದು ಇಟ್ಟರು.

"ಎಷ್ಟು ಮನೆಗಳಲ್ಲಿ ಹೀಗೆ ಒಬ್ಬಳನ್ನ ಇಬ್ಬರು ಮಾಡಿದೀವಿ?" ಎಂದರು.

ಯಾರಿಗೆ ಗೊತ್ತು? ನೋಡಿದ ಮನೆಗಳನ್ನೆಲ್ಲ ಮತ್ತೆ ನೋಡಬೇಕು ಎಂದರು. ನಿವೃತ್ತಿಯ ಬಾಗಿಲಲ್ಲಿರುವ ಹೆಂಗಸು, ಜೀವಮಾನವಿಡೀ ಇದನ್ನೇ ಮಾಡಿದವರು, ಮಳೆಯಲ್ಲಿ ಬೂಟಿನ ಕೆಸರು ಕೊಡವಿಕೊಂಡು ಮತ್ತೆ ಮೊದಲ ಮನೆಯಿಂದ ಶುರು ಮಾಡಿದರು. "ಹೋದ ಸಲ ಬಂದಿದ್ರಲ್ರಿ ಬಾಯಾರ?" ಎಂದವರಿಗೆ, "ತಪ್ಪು ಬರಕೊಂಡು ಹೋಗಿದ್ದೆ, ತಿದ್ದೋಕೆ ಬಂದೆ" ಎಂದು ನಗುತ್ತಿದ್ದರು. ಬೇರೆ ಬೇರೆ ಎಂದುಕೊಂಡಿದ್ದ ಮನೆತನಗಳು ಒಂದಕ್ಕೊಂದು ಕೂಡಿಕೊಳ್ಳತೊಡಗಿದವು. ಅವರಿಗೆ ಅದರಲ್ಲಿ ಹುರುಪು ಬಂದದ್ದು ನನಗೆ ಕಾಣುತ್ತಿತ್ತು. ನನಗೋ, ಅವರ ಹುರುಪು ಕಂಡರೆ ಸಿಟ್ಟು ಬರುತ್ತಿತ್ತು.

ನನ್ನದೂ ಮಾಮಾನದೂ ರಕ್ತ ಅವರೇ ತೆಗೆದು ಮೈಸೂರಿಗೆ ಒಯ್ದರು. ಬಂಡೆಪ್ಪನ ಮನೆಯ ಮಕ್ಕಳಲ್ಲಿ ಯಾವ ಜೀನ್ ಕೆಟ್ಟಿದೆ ಎಂದು ಪ್ರಯೋಗಾಲಯದಲ್ಲಿ ಪತ್ತೆಯಾಗಿತ್ತು. ಅದೇ ಜೀನಿನ ಒಂದೊಂದು ಕೆಟ್ಟ ಪ್ರತಿ ನಮ್ಮಿಬ್ಬರಲ್ಲೂ ಇದ್ದರೆ ಮಾತ್ರ ಕೂಸಿಗೆ ತೊಂದರೆಯ ಸಾಧ್ಯತೆ. ಒಬ್ಬರಲ್ಲಿ ಇದ್ದು ಇನ್ನೊಬ್ಬರಲ್ಲಿ ಇಲ್ಲದಿದ್ದರೆ ಭಯವಿಲ್ಲ. ಇದನ್ನು ಮಾಮಾನಿಗೆ ಹೇಳಿದಾಗ ಅವನು ತನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡ. "ಅಂದ್ರ ಒಂದು ಫೇಸ್ ಹೋದ್ರೂ ಮೋಟಾರ್ ಹ್ಯಾಂಗರೆ ನಡೀತದ. ಎರಡೂ ಹೋದ್ರ ನಿಲ್ತದ." ಆಮೇಲೆ ಅವನು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟೇ ಏಳುತ್ತಿದ್ದ. ಫಿಕರ್ ಮಾಡಬೇಡ ಎಂದು ನನಗೆ ಹೇಳುವುದನ್ನೂ ಬಿಟ್ಟ.

ಮಳೆ ಹಿಡಿದುಕೊಂಡಿತು. ಉದ್ದು ಹೊಲದಲ್ಲೇ ಮೊಳಕೆಯೊಡೆಯಿತು, ಊರಿಗೆ ಊರೇ ಪರೇಶಾನಾಯಿತು. ನನಗೆ ಮಾತ್ರ ಫೋನಿನದೇ ಧ್ಯಾನ. ಮೈಸೂರಿನಿಂದ ಕರೆ ಬಂದರೆ ಎದೆ ಹೊಡೆದುಕೊಳ್ಳುವುದು, ಬರದಿದ್ದರೂ ಹೊಡೆದುಕೊಳ್ಳುವುದು. ಕೂಸು ಹೊಟ್ಟೆಯಲ್ಲಿ ಒದೆಯಲು ಶುರು ಮಾಡಿತು. ಪಕ್ಕದ ಮನೆಯಲ್ಲಿ ಡಬರಿ ಬಿದ್ದು ಸದ್ದಾದಾಗ ಒದ್ದರೆ, ಕೇಳಿಸಿತು ಎಂದು ಹಿಗ್ಗುತ್ತಿದ್ದೆ. ಮರುದಿನ ನಾನೇ ಬೇಕೆಂದು ಡಬರಿ ಕೆಡವಿ ಕಾಯುತ್ತಿದ್ದೆ, ಒದೆಯುತ್ತಿರಲಿಲ್ಲ.

ಆಯಿ ಮಾತ್ರ ವಾರಕ್ಕೊಮ್ಮೆ ಹುಮನಾಬಾದಿಗೆ ಹೊರಡತೊಡಗಿದಳು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ಹೊಸ ಇಳಕಲ್ ಸೀರೆ ಉಟ್ಟು, ಮದುವೆಯಾದ ಮರುವರ್ಷ ತವರಿಗೆ ಹೋಗುವ ಹುಡುಗಿಯ ಸಂಭ್ರಮದಲ್ಲಿ ಬಸ್ಸು ಹತ್ತುತ್ತಿದ್ದಳು. ಮೊದಲ ಸಲವೇ ಆ ಮಕ್ಕಳನ್ನು ನೋಡಿ ಬಂದು, "ಪಾಪ, ಎಂಥಾ ಛಂದ ಹುಡುಗರು" ಎಂದಳಷ್ಟೇ. ಅದಕ್ಕೂ ನನ್ನ ಹೊಟ್ಟೆಗೂ ನಂಟು ಹಾಕಲಿಲ್ಲ. ಹಾಕಿಬಿಟ್ಟರೆ ಎಂದು ನಾನು ಹೆದರಿ ಸಾಯುತ್ತಿದ್ದೆ. ಯಾಕೆಂದರೆ ನಮ್ಮ ಮದುವೆ ಮಾಡಿಸಿದವಳು ಅವಳು.

ಭಾದ್ರಪದದ ಕೊನೆಗೆ ಮೇಡಂ ಮೈಸೂರಿನಿಂದ ಬಂದರು. ಫೋನ್ ಮಾಡಲಿಲ್ಲ, ಬಂದರು. ನಮ್ಮ ಪಡಸಾಲೆಯಲ್ಲಿ ಅವರು ಬೂಟು ಬಿಚ್ಚುವುದನ್ನು ನೋಡಿದಾಗಲೇ ನನಗೆ ಗೊತ್ತಾಯಿತು.

"ಇಬ್ಬರಲ್ಲೂ ಇದೆ" ಎಂದರು. "ನಾಲ್ಕರಲ್ಲಿ ಒಂದು ಸಾಧ್ಯತೆ. ನಾಲ್ಕರಲ್ಲಿ ಮೂರು, ಕೂಸಿಗೆ ಕೇಳಿಸುತ್ತೆ."

ಮಾಮಾ ಈಗಲೇ ತಿಳಿಯಲು ಬರುತ್ತದೆಯೇ ಎಂದು ಕೇಳಿದ. ಗರ್ಭದ ನೀರು ತೆಗೆದು ನೋಡಬಹುದಿತ್ತು, ಆದರೆ ಆಗಲೇ ತಿಂಗಳು ತುಂಬ ಮುಂದೆ ಹೋಗಿದೆ, ತಿಳಿದು ಮಾಡುವುದಾದರೂ ಏನು ಎಂದರು ಮೇಡಂ. ಮಾಮಾ ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಬೇಡ.

ಅಡುಗೆಮನೆಯ ಬಾಗಿಲಲ್ಲಿ ಆಯಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಮೇಡಂ ಎದುರು ಕೂತಳು.

"ಬಾಯಾರ, ಖರೆ ಹೇಳ್ರಿ. ಹುಡುಗಿ ಪರರ ಮನಿಗಿ ಹೋಗೂದು ಬ್ಯಾಡ, ನನ್ನ ಕಣ್ಣ ಮುಂದ ಇರಲಿ ಅಂತ ಈ ಮದಿವಿ ನಾ ಮಾಡಿಸಿದ್ದು. ನನ್ನ ಆಸೆದಿಂದ ಆತೇನು ಇದು?"

ಮೇಡಂ ಚಹಾದ ತಟ್ಟೆಯನ್ನು ಬದಿಗೆ ಸರಿಸಿದರು. ಜೀವಮಾನದಲ್ಲಿ ಈ ಪ್ರಶ್ನೆಯನ್ನು ಎಷ್ಟು ಪಡಸಾಲೆಗಳಲ್ಲಿ ಕೇಳಿಸಿಕೊಂಡಿದ್ದರೋ. "ನಿಮ್ಮ ಆಸೆಯಿಂದ ಆ ಜೀನ್ ಹುಟ್ಟಲಿಲ್ಲಮ್ಮ. ನಿಮ್ಮ ತಾಯಿ ನಿಮಗೆ ಕೊಟ್ಟರು, ಅವರಿಗೆ ಅವರ ಹಿರಿಯರು ಕೊಟ್ಟರು, ಕೊಟ್ಟದ್ದು ಯಾರಿಗೂ ಗೊತ್ತಿರಲಿಲ್ಲ. ಆದರೆ ಇವಳನ್ನ ಹೊರಗೆ ಕೊಟ್ಟಿದ್ದರೆ, ಹುಡುಗನಲ್ಲೂ ಅದೇ ಇರೋ ಸಾಧ್ಯತೆ ತುಂಬಾ ಕಡಿಮೆ. ಅದನ್ನ ನಿಮ್ಮಿಂದ ಮುಚ್ಚಿಡಲ್ಲ."

ಆಯಿ ಎದ್ದು ಒಳಗೆ ಹೋದಳು. ಮೇಡಂ ಹೋದ ಮೇಲೆ ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಒಂದು ಸುಳ್ಳು, ಒಂದೇ ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮೂರ್ನಾಲ್ಕು ದಿನ ಆಯಿ ಸರಿಯಾಗಿ ಉಣ್ಣಲಿಲ್ಲ. ಒಂದು ಬೆಳಗ್ಗೆ ಗಂಟು ಕಟ್ಟಿಕೊಂಡು, "ಹುಮನಾಬಾದಿಗಿ ಹೋಗಾಕತ್ತೇನಿ, ಸ್ವಲ್ಪ ದಿವಸ ಇದ್ದು ಬರ್ತೀನಿ" ಎಂದಳು. ನನ್ನ ಮುಖ ನೋಡಲಾರದೆ ಹೋಗುತ್ತಿದ್ದಾಳೆ ಎಂದುಕೊಂಡೆ. ದಸರೆಗೂ ಬರಲಿಲ್ಲ. ಬನ್ನಿ ಕೊಡಲು ಹಿರಿಯರೇ ಇಲ್ಲದ ಮನೆಯಲ್ಲಿ ನಾನೂ ಮಾಮಾನೂ ಒಬ್ಬರಿಗೊಬ್ಬರು ಬನ್ನಿ ಕೊಟ್ಟುಕೊಂಡು ಕೂತೆವು. ಆಯಿ ಬಂದದ್ದು ನನಗೆ ನೋವು ಶುರುವಾದ ದಿನ. ಎಲ್ಲಿದ್ದೆ ಇಷ್ಟು ದಿನ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಹೆಣ್ಣು ಕೂಸು. ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಂಡೇ ಮಲಗುತ್ತಿತ್ತು. ಮೂರು ವಾರಕ್ಕೆ ಕಲಬುರಗಿಯ ಆಸ್ಪತ್ರೆಗೆ ಒಯ್ದೆವು. ಹಾಲು ಕುಡಿಸಿ ನಿದ್ದೆ ಹತ್ತಿಸಿ, ಪುಟ್ಟ ತಲೆಗೆ ತಂತಿ ಅಂಟಿಸಿ, ಕಿವಿಗೆ ಸದ್ದು ಬಿಟ್ಟು ನೋಡಿದರು. ಕೇಳಿಸಿದರೆ ಪರದೆಯ ಮೇಲೆ ಗೆರೆ ಏಳಬೇಕು. ನಾನು ಆ ಗೆರೆಯನ್ನೇ ನೋಡುತ್ತ ನಿಂತೆ. ಸದ್ದು ಹೆಚ್ಚಿಸಿದರು. ಮತ್ತೆ ಹೆಚ್ಚಿಸಿದರು. ಗೆರೆ ಏಳಲಿಲ್ಲ. ಕೂಸು ಗದ್ದಕ್ಕೆ ಮುಷ್ಟಿ ಕೊಟ್ಟು ಆರಾಮಾಗಿ ನಿದ್ದೆ ಮಾಡುತ್ತಿತ್ತು. ಮಾಮಾ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನನಗೆ ಅಳುವೂ ಬರಲಿಲ್ಲ.

ನಾಮಕರಣ ಬೇಡ ಎಂದೆ. ಆಯಿ ಕೇಳಲಿಲ್ಲ. ತಿಂಗಳು ತುಂಬಿದ ದಿನ ತೊಟ್ಟಿಲು ಕಟ್ಟಿಸಿದಳು. ಹುಮನಾಬಾದಿನಿಂದ ಬಂಡೆಪ್ಪ ಕಾಕಾನ ಮನೆಯವರೆಲ್ಲ ಬಂದರು. ಮೈಸೂರಿನಿಂದ ಮೇಡಂ ಬಂದು ಹೆಂಗಸರ ಹಿಂದೆ, ಯಾರೂ ಕರೆಯದವರಂತೆ ನಿಂತುಕೊಂಡರು. ನಮ್ಮಲ್ಲಿ ಹೆಸರಿಡುವವಳು ಕೂಸಿನ ಸೋದರತ್ತೆ. ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು. ನಮ್ಮ ಮನೆಯಲ್ಲಿ ಆ ಸೋದರತ್ತೆ ಎಂದರೆ ಮಾಮಾನ ಅಕ್ಕ, ಅಂದರೆ ನನ್ನ ಅವ್ವ. ಪ್ರಣತಿ ಎಂದು ಹೆಸರು ಗೊತ್ತು ಮಾಡಿದ್ದೆವು. ಅವ್ವ ಬಗ್ಗಿದಳು. ಬಾಯಿ ಕಿವಿಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಅವಳ ಬೆನ್ನು ಅಲುಗುವುದು ಎಲ್ಲರಿಗೂ ಕಂಡಿತು. ಹಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಾಡು ನಿಲ್ಲಿಸಿದರು.

"ಸರಿ ನೀ" ಎಂದು ಆಯಿ ಅವ್ವನನ್ನು ಪಕ್ಕಕ್ಕೆ ಸರಿಸಿದಳು. ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಅದು ಕಣ್ಣು ತೆರೆಯುವವರೆಗೆ ಕಾದಳು. ಆಮೇಲೆ ಅದರ ಕಣ್ಣೆದುರು, ನಿಧಾನವಾಗಿ, ತನ್ನ ಮುಷ್ಟಿಯನ್ನು ಗದ್ದದ ಕೆಳಗೆ ಇಟ್ಟುಕೊಂಡು ತೋರಿಸಿ, ಅದರ ಎದೆ ಮುಟ್ಟಿದಳು. ಮತ್ತೊಮ್ಮೆ ಮುಷ್ಟಿ, ಮತ್ತೊಮ್ಮೆ ಎದೆ. ಗೋಡೆಯ ಹತ್ತಿರ ನಿಂತಿದ್ದ ರೇಣುಕಾ ನಕ್ಕು, ಸರಿಯಾಯಿತು ಎಂದು ಕೈಯಾಡಿಸಿದಳು. ಆಯಿ ಅವಳಿಗೆ ಕೈಯಲ್ಲೇ ಏನೋ ಉತ್ತರ ಕೊಟ್ಟಳು, ಸರಸರನೆ, ಉದ್ದಕ್ಕೆ.

"ಏನ್ ಮಾಡಾಕತ್ತಿ ಆಯಿ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಹೆಸರು ಇಡಾಕತ್ತೇನಿ. ನಮ್ಮ ಅಜ್ಜನ ಮನ್ಯಾಗ ಹೆಸರು ಕಿವ್ಯಾಗ ಹೇಳಂಗಿಲ್ಲ, ಹೀಂಗ ಇಡ್ತಾರ. ಅಲ್ಲಿ ಮಾತು ಕಲಿಯಾಕ ಹೋಗಿದ್ದೆ ಹುಡುಗಿ. ಕೂಸು ಬಂದ ಮ್ಯಾಲ ಕಲಿಯೂದಂದ್ರ ತಡ ಆಗ್ತಿತ್ತು."

ಅವ್ವ ಕಣ್ಣೊರೆಸಿಕೊಂಡು ಮುಷ್ಟಿಯನ್ನು ಗದ್ದಕ್ಕೆ ಇಟ್ಟಳು. ಬಂಡೆಪ್ಪ ಕಾಕಾ, ಓಣಿಯ ಹೆಂಗಸರು, ಬಾಗಿಲಲ್ಲಿ ನಿಂತಿದ್ದ ಮಾಮಾ, ಎಲ್ಲರ ಹಿಂದಿದ್ದ ಮೇಡಂ, ಒಬ್ಬೊಬ್ಬರೂ ಬಂದು ಕೂಸಿನ ಎದುರು ಹಾಗೆಯೇ ಮಾಡಿದರು. ಕೂಸು ಒಬ್ಬೊಬ್ಬರ ಕೈಯನ್ನೂ ಕಣ್ಣರಳಿಸಿ ನೋಡಿತು. ಕೊನೆಗೆ ಉಳಿದವಳು ನಾನೊಬ್ಬಳೇ. ಆಯಿ ನನಗಾಗಿ ಕೂಸನ್ನು ಸ್ವಲ್ಪ ಈಚೆ ತಿರುಗಿಸಿದಳು. ನನ್ನ ಮಗಳನ್ನು ನಾನು ಮೊದಲ ಸಲ ಹೆಸರು ಹಿಡಿದು ಕರೆದೆ.